ಟ್ಯಾಂಕಿನ ನೀರಿಗೆ ನಾನು ಹಾಕಿದ್ದು

ನಮ್ಮ ಊರು ತಮಿಳು ಸೀಮೆಯಲ್ಲಿ, ಅನ್ನೂರಿನ ಆಚೆ. ಮಗ ಕಟ್ಟಿಸಿದ ಕೋಳಿ ಶೆಡ್ಡಿಗೆ ಮರಿ, ಫೀಡು, ಔಷಧಿ ಎಲ್ಲ ಕಂಪನಿಯದು. ಸಾಕಿ ಕೊಡುವುದಷ್ಟೇ ನಮ್ಮದು. ಅದನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ.

ಟಿವಿಯಲ್ಲಿ ಹಕ್ಕಿ ಜ್ವರದ ಸುದ್ದಿ ಬಂದ ಮರುವರ್ಷ ಕಂಪನಿಯ ಡಾಕ್ಟರು ಒಂದು ಹೊಸ ಪುಡಿ ತಂದರು. ಆಂಟಿಬಯೋಟಿಕ್ ಬಿಟ್ಟು, ಒಳ್ಳೆಯ ಕ್ರಿಮಿ ಇರುವ ಈ ಪುಡಿಯನ್ನು ನೀರಿಗೆ ಕಲಸಿ ಒಂದು ಬ್ಯಾಚು ಮರಿ ಸಾಕುವವರು ಯಾರು ಎಂದು ಕೇಳಿದರು. ಊರಿನ ಉಳಿದ ಕೋಳಿ ಸಾಕುವವರು ಹಿಂದೆ ಸರಿದರು. ಸೊಸೆ ಒಪ್ಪಿಕೊಂಡು ಬಂದಳು. ಔಷಧಿ ಕುಡಿದ ಕೋಳಿಯನ್ನು ಕಂಡವರ ಮಕ್ಕಳಿಗೆ ಕಳಿಸಿ, ನಮ್ಮ ಮನೆಗೆ ಮಾತ್ರ ನಾಟಿ ಕೋಳಿ ಕೊಯ್ಯುವುದು ಅವಳಿಗೆ ಸರಿಬರುತ್ತಿರಲಿಲ್ಲ.

ಮಗ ಅಂದ: "ಒಂದೇ ಬ್ಯಾಚು. ಕೆಟ್ಟರೆ ಶೆಡ್ಡಿನ ಕಡೆ ತಲೆ ಹಾಕಬೇಡ. ಕೂಲಿಗೆ ತಿರುಪ್ಪೂರ್ ಬನಿಯನ್ ಕಂಪನಿ ವ್ಯಾನ್ ಹತ್ತು."

"ಆಯ್ತು, ಹತ್ತುತೀನಿ."

ನಾನೂ ಸುಮ್ಮನಿರಲಿಲ್ಲ. "ಕ್ರಿಮಿ ಸಾಯ್ಲಿ ಅಂತ ಔಷಧಿ ಹಾಕೋದು ಕಂಡಿದೀನಿ. ಕ್ರಿಮೀನೇ ಕುಡಿಸೋದು ನಿನ್ನ ಕಾಲದಲ್ಲೇ ನೋಡ್ತಿರೋದು."

"ಮೊಸರಲ್ಲೂ ಅದೇ ಇರೋದು ಅತ್ತೆ. ದಿನಾ ಎರಡು ಲೋಟ ಮಜ್ಜಿಗೆ ಕುಡೀತೀರಲ್ಲ, ನೆಟ್ಟಗೇ ಇದೀರಿ. ಬಾಯಂತೂ ಇನ್ನೂ ನೆಟ್ಟಗಿದೆ."

ಕೋಳಿ ಕುಡಿಯುವ ನೀರಿನ ಟ್ಯಾಂಕಿಗೆ ಯಾವ ಔಷಧಿಯನ್ನೂ ಹಾಕಬೇಡಿ ಎಂದು ಹೇಳಿದಳು. ನಾನು ಹಾಕಲಿಲ್ಲ. ಆದರೆ ಸಂಜೆ ಟ್ಯಾಂಕು ತುಂಬಿದ ಮೇಲೆ ಒಂದು ಹಿಡಿ ಬ್ಲೀಚಿಂಗ್ ಪೌಡರು ಹಾಕುವುದು ಶೆಡ್ಡು ಕಟ್ಟಿದಾಗಿನಿಂದ ನನ್ನ ಕೆಲಸ. ಅದು ಔಷಧಿ ಎಂದು ನನಗೆ ಅನ್ನಿಸಲೇ ಇಲ್ಲ. ಕಸ ಗುಡಿಸಿದ ಹಾಗೆ, ಪಾತ್ರೆ ತಿಕ್ಕಿದ ಹಾಗೆ, ಅದು ಚೊಕ್ಕಟದ ಕೆಲಸ. ಅವಳು ಬೆಳಿಗ್ಗೆ ಪುಡಿ ಕಲಸುತ್ತಿದ್ದಳು. ಸಂಜೆ ಅವಳು ಹಾಲು ಕರೆಯಲು ಹೋದಾಗ ನಾನು ನನ್ನದನ್ನು ಹಾಕುತ್ತಿದ್ದೆ. ಅವಳಿಗೂ ಅದು ನೆನಪಿಗೆ ಬರಲಿಲ್ಲ. ಮನೆಯಲ್ಲಿ ಮುದುಕಿ ಮಾಡುವ ಕೆಲಸ ಯಾರ ಕಣ್ಣಿಗೆ ಬೀಳುತ್ತದೆ.

ಮೂರನೇ ವಾರ ಮರಿಗಳಿಗೆ ಭೇದಿ ಹತ್ತಿತು. ರೆಕ್ಕೆ ಇಳಿಬಿಟ್ಟುಕೊಂಡು ಮೂಲೆ ಸೇರಿದವು. ಸತ್ತವನ್ನು ದಿನಾ ಬಕೆಟ್ಟಿಗೆ ತುಂಬಿ ಹೂಳುತ್ತಿದ್ದೆ.

ಡಾಕ್ಟರು ಬಂದು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ತಮಿಳಿನಲ್ಲಿ ಕೇಳಿದರು: "ಹಾಲಿಗೆ ಹೆಪ್ಪು ಹಾಕಿ ಮೇಲೆ ಬ್ಲೀಚಿಂಗ್ ಸುರಿದರೆ ಮೊಸರಾಗುತ್ತಾ? ಪುಡಿಯಲ್ಲಿದ್ದ ಕ್ರಿಮಿಯೆಲ್ಲ ಇದರೊಳಗೇ ಸತ್ತಿದೆ. ಹಾಕಿದ್ದು ಯಾರಮ್ಮ?"

ಮಗ ಹೆಂಡತಿಯ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಬಕೆಟ್ಟು ಇತ್ತು. ಹೂಳುವುದಿದೆ ಎಂದು ಗುಂಡಿಯ ಕಡೆ ನಡೆದೆ.

ಬ್ಯಾಚು ಕೆಟ್ಟಿತ್ತು, ಕೊಟ್ಟ ಮಾತಿನಂತೆ ಸೋಮವಾರ ಅವಳು ವ್ಯಾನ್ ಹತ್ತಿದಳು. ಶೆಡ್ಡಿಗೆ ಹಳೆಯ ಔಷಧಿಯೇ ಬಂತು. ನೋಡಿಕೊಳ್ಳುವವಳು ನಾನಾದೆ. ಸಂಜೆ ಬ್ಲೀಚಿಂಗ್ ಹಾಕುತ್ತೇನೆ, ಈಗ ಯಾರೂ ಬೇಡ ಅನ್ನುವುದಿಲ್ಲ.

ಅವಳು ಒಂದು ದಿನವೂ ಆ ಬ್ಲೀಚಿಂಗಿನ ಮಾತೆತ್ತಲಿಲ್ಲ. ಎತ್ತಿದ್ದರೆ ಕೂಗಾಡಿ ಮುಗಿಸುತ್ತಿದ್ದೆ. ಕೆಲಸದಿಂದ ಬಂದು, ಬಟ್ಟೆಯ ದೂಳು ಕೊಡವಿ, ನನಗೆ ಒಂದು ಲೋಟ ಮಜ್ಜಿಗೆ ಬಗ್ಗಿಸಿಟ್ಟು ಒಳಗೆ ಹೋಗುತ್ತಾಳೆ. ಎರಡನೆಯದನ್ನು ಈಗ ನಾನೇ ಎದ್ದು ಬಗ್ಗಿಸಿಕೊಳ್ಳಬೇಕು.