ದೇವರ ಹರಳು

ಹೊಳೆವ್ವನಿಗೆ ಗಾಲ್ಫ್ ಎಂಬ ಆಟ ಇಂದಿಗೂ ಹಿಡಿಸಿಲ್ಲ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಡೆದು, ಚಿಕ್ಕ ಚೆಂಡನ್ನು ಚಿಕ್ಕ ಕುಳಿಗೆ ಬೀಳಿಸಿ, ಮತ್ತೆ ಬಗ್ಗಿ ಅದನ್ನೇ ಹೊರಗೆ ತೆಗೆದುಕೊಳ್ಳುವುದರಲ್ಲಿ ಏನು ಸುಖವೆಂದು ಆಕೆ ಕೇಳುತ್ತಾಳೆ. "ತೆಗ್ಯಾವ್ರಿದ್ರ ಹಾಕೂದ್ಯಾಕ?" ಟಿಕೋಟಾದಿಂದ ಬಬಲೇಶ್ವರದವರೆಗೆ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರಿಲ್ಲ. ಆದರೆ ಆ ಆಟದ ಲೆಕ್ಕ ಇಡುವುದರಲ್ಲಿ ಮಾತ್ರ ಆಕೆಯನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಹಾಗಿದ್ದ ಲೆಕ್ಕವೇ ಒಂದು ದಿನ ಮಗಳ ಕಾಲೇಜಿನ ದಾರಿಗೆ ಅಡ್ಡ ಬಿತ್ತು.

ಹೊಳೆವ್ವನ ತವರು ಅರಕೇರಿ. ಅವಳ ಅಪ್ಪ ಸಂಜೆ ಕುರಿಗಳನ್ನು ದೊಡ್ಡಿಗೆ ಬಿಡುವಾಗ ಬಾಯಿಂದ ಎಣಿಸುತ್ತಿರಲಿಲ್ಲ. ಬಾಯಿಬಿಟ್ಟು ಎಣಿಸಿದರೆ ದೃಷ್ಟಿಯಾಗುತ್ತದೆಂದು ಅವನ ನಂಬಿಕೆ. ಎಡಗಡೆ ಒಂದು ಬಟ್ಟೆಯ ಚೀಲ, ಬಲಗಡೆ ಒಂದು. ಒಂದು ಕುರಿ ಒಳಗೆ ಹೋದರೆ ಎಡಚೀಲದ ಒಂದು ಹರಳು ಬಲಚೀಲಕ್ಕೆ. ಇವೆಲ್ಲಕ್ಕೂ ಮೊದಲು, ಇನ್ನೂ ಒಂದು ಕುರಿಯೂ ಹೊಸ್ತಿಲು ದಾಟುವ ಮುಂಚೆ, ಅಮೋಘಸಿದ್ಧನ ಗುಡ್ಡದಿಂದ ತಂದ ಕಡಲೆಯಷ್ಟು ಗಾತ್ರದ ಕರಿ ಹರಳೊಂದನ್ನು ಬಲಚೀಲಕ್ಕೆ ಹಾಕುತ್ತಿದ್ದ. ಅದು ದೇವರದು, ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದು ಕುರಿ ಕಡಿಮೆಯಾದರೆ ಕುರಿಯನ್ನು ಹುಡುಕಬೇಕು, ಒಂದು ಹೆಚ್ಚಾದರೆ ಅದರ ಒಡೆಯನನ್ನು ಹುಡುಕಬೇಕು, ಎರಡಕ್ಕೂ ಅಷ್ಟೇ ಅವಸರ ಎಂದು ಅವನು ಹೇಳುತ್ತಿದ್ದ. ಮಗಳು ಗಂಡನ ಮನೆಗೆ ಹೊರಟಾಗ ಆ ಕರಿ ಹರಳನ್ನೇ ಅವಳ ಉಡಿಗೆ ಹಾಕಿ ಕಳಿಸಿದ. ಅಲ್ಲೂ ಸಂಜೆಯ ಕುರಿಲೆಕ್ಕ ಅವಳದೇ ಆಯಿತು.

ಗಂಡ ಸಿದ್ದರಾಯ ಟಿಕೋಟಾ ಸೀಮೆಯವನು, ಎಂಬತ್ತು ಕುರಿಗಳ ಒಡೆಯ, ಮಾತು ಕಡಿಮೆ. ಆಡಿದ ನಾಲ್ಕು ಮಾತೂ ಅಡ್ಡಗೋಡೆಯ ಮೇಲಿನ ದೀಪ. ಇಂಥವನಿಗೆ ಗಾಲ್ಫ್ ಗಂಟುಬಿದ್ದದ್ದು ಒಣದ್ರಾಕ್ಷಿಯ ವ್ಯಾಪಾರಿ ಶಂಕರೆಪ್ಪನಿಂದ. ಶಂಕರೆಪ್ಪ ದ್ರಾಕ್ಷಿ ಮಾರಲು ಯಾವ್ಯಾವುದೋ ದೇಶ ತಿರುಗಿ ಬಂದವನು, ಬಬಲೇಶ್ವರ ರಸ್ತೆಯ ತನ್ನ ಕಲ್ಲುಭೂಮಿಯಲ್ಲಿ ಒಂಬತ್ತು ಕುಳಿ ತೋಡಿಸಿ, ಹುಲ್ಲು ಬೆಳೆಸಿ, ಬಾವುಟ ನೆಟ್ಟ. ದುಡ್ಡಿದ್ದವರಿಗೆ ಹುಚ್ಚೂ ದೊಡ್ಡದೇ ಹಿಡಿಯಬೇಕಲ್ಲ ಎಂದು ಊರು ನಕ್ಕಿತು. ಹುಲ್ಲು ಕತ್ತರಿಸಲು ತರಿಸಿದ ಯಂತ್ರ ಮೂರೇ ದಿನಕ್ಕೆ ಕಲ್ಲು ಕಚ್ಚಿ ಹಲ್ಲು ಮುರಿದುಕೊಂಡಿತು. ಆಗ ಅವನಿಗೆ ಬೇಲಿಯಾಚೆ ಮೇಯುತ್ತಿದ್ದ ಕುರಿಗಳು ಕಂಡವು. ಅಂದಿನಿಂದ ಸಿದ್ದರಾಯ ಆ ಮೈದಾನದ ಕಾವಲುಗಾರ, ಕುರಿಗಳೇ ಕತ್ತರಿ.

ಮಗಳು ಕಸ್ತೂರಿ ಒಂಬತ್ತು ವರ್ಷದವಳಿದ್ದಾಗ ಜಾಲಿಕಂಟಿಯಲ್ಲಿ ಕಳೆದುಹೋದ ಚೆಂಡು ಹೆಕ್ಕುತ್ತಿದ್ದಳು. ಹೆಕ್ಕಿದ ಚೆಂಡನ್ನು ಕೈಯಲ್ಲಿ ತಂದುಕೊಡುವ ಬದಲು ಅಪ್ಪನ ಕುರಿಕೋಲಿನಿಂದ ಬೀಸಿ ಹೊಡೆದು ಶಂಕರೆಪ್ಪನ ಕಾಲಬುಡಕ್ಕೇ ಉರುಳಿಸುತ್ತಿದ್ದಳು. ಅವನು ಬೈಯಲಿಲ್ಲ, ತನ್ನ ಹಳೆಯ ಕೋಲುಗಳನ್ನು ತುಂಡರಿಸಿ ಅವಳ ಅಳತೆಗೆ ಮಾಡಿಸಿಕೊಟ್ಟ. ಹದಿನೇಳಕ್ಕೆ ಬರುವಷ್ಟರಲ್ಲಿ ಬೆಳಗಾವಿ, ಪುಣೆ ಎಂದು ತಿರುಗಿ ಕಿರಿಯರ ಪಂದ್ಯಗಳಲ್ಲಿ ಬೆಳ್ಳಿಬಣ್ಣದ ಆರು ಕಪ್‌ಗಳನ್ನು ಗೆದ್ದು ತಂದಿದ್ದಳು. ಹೊಳೆವ್ವ ಅವುಗಳಲ್ಲಿ ಸಾಸಿವೆ, ಜೀರಿಗೆ, ಉಪ್ಪು ತುಂಬಿಟ್ಟಳು.

ಹುಡುಗಿಗೆ ಒಂದು ಚಾಳಿ ಇತ್ತು. ಚೆಂಡು ಕೆಟ್ಟದಾಗಿ ಹೋದರೆ ಸಿಟ್ಟು, ಸಿಟ್ಟು ಬಂದರೆ ಲೆಕ್ಕ ತಪ್ಪು. ಈ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದವರು, ಹೀಗಾಗಿ ಲೆಕ್ಕ ತಪ್ಪಿದರೆ ಅದು ಸುಳ್ಳಿನ ಹತ್ತಿರ ಹೋಗಿ ನಿಲ್ಲುತ್ತದೆ. ಕೋಲು ಹಿಡಿದ ಮೊದಲ ವರ್ಷವೇ ಒಮ್ಮೆ ಆರು ಹೊಡೆತದ ಕುಳಿಗೆ ಐದು ಎಂದಳು. ಹಿಂದೆ ಕುರಿ ಹೊಡೆದುಕೊಂಡು ಬರುತ್ತಿದ್ದ ಹೊಳೆವ್ವ ಅಂಗೈ ಬಿಚ್ಚಿ ಆರು ಹರಳು ತೋರಿಸಿದಳು.

"ಹಂಗಾರ ಇದೊಂದು ಯಾರದಬೇ? ಒಡೆಯಾ ಬೇಕಲ್ಲ ಇದಕ್ಕ?"

ಕಸ್ತೂರಿ ಕೆಂಪಾದಳು. ಆಮೇಲೆ ಎಂಟು ವರ್ಷ, ಅವ್ವ ಎರಡು ಚೀಲ ಕಟ್ಟಿಕೊಂಡು ಹಿಂದೆ ನಡೆಯದ ಆಟವನ್ನು ಅವಳು ಆಟವೆಂದೇ ಎಣಿಸಲಿಲ್ಲ. ಆಟದ ದಿನ ಹೊಳೆವ್ವ ಕರಿ ಹರಳನ್ನು ದೇವರ ಜಗಲಿಯ ಮೇಲೆ ಬಿಟ್ಟು ಹೋಗುತ್ತಿದ್ದಳು. ಕುರಿಯ ಲೆಕ್ಕ ಬೇರೆ, ಮಗಳ ಲೆಕ್ಕ ಬೇರೆ.

ಪಿಯುಸಿ ಎರಡನೇ ವರ್ಷದಲ್ಲಿ ಸುದ್ದಿ ಬಂತು. ಪುಣೆಯ ಆಚೆಗಿನ ಒಂದು ವಿಶ್ವವಿದ್ಯಾಲಯ ಗಾಲ್ಫ್ ಆಡುವ ಮೂವರು ಹುಡುಗಿಯರನ್ನು ಆರಿಸುತ್ತದೆ, ನಾಲ್ಕು ವರ್ಷದ ಓದು, ಊಟ, ತರಬೇತಿ ಎಲ್ಲ ಅವರದೇ. ಆಟದ ವಿಡಿಯೋ ಕಳಿಸಬೇಕಿತ್ತು. ಸಿದ್ದರಾಯ ಮೊಬೈಲ್ ಹಿಡಿದ. ಅರ್ಧ ವಿಡಿಯೋದಲ್ಲಿ ಅವನ ಹೆಬ್ಬೆರಳು, ಇನ್ನರ್ಧದಲ್ಲಿ ಎರಡು ಟಗರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಅವನಿಗೆ ಅದು ಬಹಳ ಚೆನ್ನಾಗಿ ಕಂಡಿತು. ಅಲ್ಲಿನ ತರಬೇತುದಾರಳು ಮುಮತಾಜ ಎಂಬಾಕೆ, ಹುಟ್ಟಿದ್ದು ನಮ್ಮ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲುಹಳಿಯ ಪಕ್ಕ. ನಕ್ಕು ನಕ್ಕು ಆ ಟಗರುಗಳ ನಡುವೆಯೂ ಹುಡುಗಿಯ ಹೊಡೆತ ನೋಡಿದಳು. ಆಯ್ಕೆಯ ಆಟಕ್ಕೆ ಬಾ, ಹದಿನೆಂಟು ಕುಳಿ, ಎಪ್ಪತ್ತೇಳು ಹೊಡೆತದೊಳಗೆ ಮುಗಿಸಿದರೆ ಸೀಟು, ಒಂದು ಹೆಚ್ಚಾದರೂ ಇಲ್ಲ ಎಂದು ಬರೆದಳು. ಸೀಟು ಸಿಗದಿದ್ದರೆ ಕೋಲುಗಳನ್ನು ಗೂಟಕ್ಕೆ ತೂಗುಹಾಕುವುದೇ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಯ್ಕೆಯ ಆಟದ ದಿನ ಹೊಳೆವ್ವನಿಗೆ ಹೆದರಿಕೆ ಹೊಕ್ಕಿತು. ಪುಣೆಯ ಆ ಮೈದಾನದಲ್ಲಿ ಒಂದು ಕಲ್ಲಿಲ್ಲ, ಒಂದು ಮುಳ್ಳಿಲ್ಲ, ಹುಲ್ಲಿನ ಮೇಲೆ ಕಾಲಿಡಲೂ ಸಂಕೋಚ. ಬೇರೆ ಹುಡುಗಿಯರ ತಾಯಂದಿರು ಕಪ್ಪು ಕನ್ನಡಕ ಹಾಕಿಕೊಂಡು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಹಗ್ಗದ ಆಚೆ ನಿಂತ ಹೊಳೆವ್ವ, ಮಗಳು ಮೊದಲ ಚೆಂಡಿಗೆ ಕೋಲೆತ್ತುವ ಮುಂಚೆ, ಸೆರಗಿನ ಗಂಟಿನಿಂದ ಕರಿ ಹರಳನ್ನು ಬಿಚ್ಚಿದಳು. ಅಂದು ಅದನ್ನು ಜಗಲಿಯ ಮೇಲೆ ಬಿಟ್ಟುಬರಲು ಅವಳಿಗೆ ಮನಸ್ಸಾಗಿರಲಿಲ್ಲ. "ನೀನ ಕಾಯೋ ನನ್ನಪ್ಪಾ" ಎಂದು ಬಲಚೀಲಕ್ಕೆ ಹಾಕಿದಳು.

ಹದಿಮೂರು ಕುಳಿ ಚೆನ್ನಾಗಿ ಹೋಯಿತು. ಹದಿನಾಲ್ಕರಲ್ಲಿ ಚೆಂಡು ಪೊದೆಗೆ ಬಿದ್ದು, ಕಸ್ತೂರಿ ಮಣ್ಣು ಹಾರಿಸಿ ಹೊಡೆದು ಹೊಡೆದು ಹೊರಬಂದಳು. ಆಟ ಮುಗಿದಾಗ ಅವಳ ಲೆಕ್ಕ ಎಪ್ಪತ್ತೇಳು. ಅವಳ ಹೊಡೆತ ಬರೆದುಕೊಳ್ಳುತ್ತಿದ್ದ ಜೊತೆಯ ಹುಡುಗಿಯ ಚೀಟಿಯಲ್ಲೂ ಎಪ್ಪತ್ತೇಳು. ಸಹಿ ಹಾಕುವುದಷ್ಟೇ ಬಾಕಿ. ಆದರೂ ಓಡಿ ಹಗ್ಗದ ಹತ್ತಿರ ಬಂದಳು.

"ಎಷ್ಟಬೇ?"

ಹೊಳೆವ್ವ ಸೆರಗು ಹಾಸಿ ಹರಳು ಸುರಿದಳು. ಕಣ್ಣು ಮಗಳ ಮುಖದ ಮೇಲೆಯೇ, ಬೆರಳಷ್ಟೇ ಹರಳಿನ ಮೇಲೆ. ಎರಡು ಸಲ ಎಣಿಸಿದಳು. "ಎಪ್ಪತ್ತೆಂಟವ್ವಾ."

ಕಸ್ತೂರಿಯ ಮುಖ ಸಪ್ಪಗಾಯಿತು. ಆ ಪೊದೆಯ ಕಡೆಗೊಮ್ಮೆ ನೋಡಿದಳು. ನಂತರ ಮೇಜಿನ ಹತ್ತಿರ ಹೋಗಿ ಏಳನ್ನು ಹೊಡೆದುಹಾಕಿಸಿ ಎಂಟು ಬರೆಸಿ ಸಹಿ ಮಾಡಿದಳು. ಈ ಆಟದಲ್ಲಿ ಕಡಿಮೆ ಬರೆದು ಸಹಿ ಮಾಡಿದರೆ ಹೊರಗೆ ಹಾಕುತ್ತಾರೆ, ಹೆಚ್ಚು ಬರೆದು ಸಹಿ ಮಾಡಿದರೆ ಆ ಹೆಚ್ಚೇ ಗಟ್ಟಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರಳುವಾಗ ಸೊಲ್ಲಾಪುರ ದಾಟಿದ ಮೇಲೆ ಬಸ್ಸಿನಲ್ಲಿ ಹೊಳೆವ್ವ ಹರಳುಗಳನ್ನು ಎಡಚೀಲಕ್ಕೆ ತುಂಬತೊಡಗಿದಳು. ಕೊನೆಗೆ ಅಂಗೈಯಲ್ಲಿ ಉಳಿದದ್ದು ಕರಿದು. ಮುಚ್ಚಿಡಬಹುದಿತ್ತು. ಒಂದು ಕ್ಷಣ ಮುಚ್ಚಿಡುವ ಆಸೆಯೂ ಆಯಿತು, ಸುಳ್ಳೇಕೆ ಹೇಳಬೇಕು. ಆದರೆ ಅಪ್ಪನ ಮಾತು ಇತ್ತಲ್ಲ, ಹೆಚ್ಚಿನದಕ್ಕೆ ಒಡೆಯ ಬೇಕು.

"ಕಸ್ತೂರಿ, ದೇವರ ಹರಳ ಕೂಡಿಸೇನವ್ವಾ ನಾ. ನಿಂದು ಎಪ್ಪತ್ತೇಳ."

ಮಗಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನನಗ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಬರಿಸಿದಿಬೇ?"

"ನಿನ್ನ ಹರಳು ಯಾವತ್ತರ ತಪ್ಪ್ಯಾವೇನು?"

ಬೈದಿದ್ದರೆ ಹೊಳೆವ್ವ ತಡೆದುಕೊಳ್ಳುತ್ತಿದ್ದಳು. ಈ ಮಾತು ಕರುಳಿಗೇ ನಾಟಿತು. ವಿಜಯಪುರ ಬರುವವರೆಗೂ ಬಾಯಿಗೆ ಸೆರಗೊತ್ತಿಕೊಂಡು ಅತ್ತಳು. ಮನೆಯಲ್ಲಿ ಹತ್ತು ದಿನ ತಾಯಿ ಮಗಳ ನಡುವೆ ರೊಟ್ಟಿ, ಪಲ್ಯ ಬಿಟ್ಟು ಬೇರೆ ಮಾತಿರಲಿಲ್ಲ. ಕೋಲುಗಳು ಗೂಟ ಏರಿದವು.

ಹನ್ನೊಂದನೇ ದಿನ ಮುಮತಾಜಳ ಫೋನು ಬಂತು. ಕಸ್ತೂರಿ ಬಬಲೇಶ್ವರದ ಕಾಲೇಜಿಗೆ ಹೋಗಿದ್ದಳು. ಹೊಳೆವ್ವನೇ ಎತ್ತಿದಳು.

"ಅವ್ವಾರ, ಕಡಿಮಿ ಬರ್ಕೊಳ್ಳೋರನ್ನ ಭಾಳ ನೋಡೇನ್ರಿ. ತನ್ನ ಕೈಲೆ ಹೆಚ್ಚಿಗಿ ಬರಿಸಿ ಸೀಟು ಕಳ್ಕೊಂಡ ಹುಡುಗಿನ್ನ ಇದ ಮೊದಲ ನೋಡಿದ್ದು. ಏನಾತ್ರಿ ಅವತ್ತ?"

ಹೊಳೆವ್ವ ಎಲ್ಲ ಹೇಳಿದಳು, ಕರಿ ಹರಳಿನಿಂದ ಬಸ್ಸಿನವರೆಗೆ. "ತಪ್ಪು ನಂದ್ರಿ. ಅಕಿದೇನೂ ಇಲ್ಲ. ನನ್ನ ಬೈರಿ, ಅಕಿಗಿ ಸೀಟು ಕೊಡ್ರಿ."

ಮುಮತಾಜ ಎಲ್ಲವನ್ನೂ ಕೇಳಿಸಿಕೊಂಡಳು. "ಸಹಿ ಮಾಡಿದ ಅಂಕಿ ನಾ ಬದಲ ಮಾಡಾಕ ಬರೂದಿಲ್ರಿ. ಇಬ್ಬರನ್ನ ತಗೊಂಡೇನಿ, ಒಂದ ಸೀಟು ಉಳದೈತಿ. ಮುಂದಿನ ತಿಂಗಳ ಕಡೀ ಆಟ. ಅಕೀನ್ನ ಕರ್ಕೊಂಡು ಬರ್ರಿ. ಆದ್ರ ಎಪ್ಪತ್ತೇಳ ಅಂದ್ರ ಎಪ್ಪತ್ತೇಳ."

ಕೋಲುಗಳು ಗೂಟದಿಂದ ಇಳಿದವು. ಹೊಳೆವ್ವ ಮಾತ್ರ ಇನ್ನು ಈ ಜನ್ಮದಲ್ಲಿ ಮಗಳ ಲೆಕ್ಕ ಹಿಡಿಯುವುದಿಲ್ಲವೆಂದು ನಿರ್ಧರಿಸಿ, ಬರಿಗೈಯಲ್ಲಿ ಪುಣೆಗೆ ಹೋದಳು. ಆಟ ಶುರುವಾಗುವ ಮುಂಚೆ ಕಸ್ತೂರಿ ಹಗ್ಗದ ಹತ್ತಿರ ಬಂದಳು.

"ಚೀಲ ಎಲ್ಲವಬೇ?"

"ಮನ್ಯಾಗ ಬಿಟ್ಟೇನಿ. ಬ್ಯಾಡವ್ವಾ, ಆ ಹುಡುಗಿ ಬರ್ಕೋತಾಳಲ್ಲ."

ಕಸ್ತೂರಿ ತನ್ನ ಕೋಲುಗಳ ಚೀಲದಿಂದ ಆ ಎರಡೂ ಬಟ್ಟೆಯ ಚೀಲ ತೆಗೆದು ಅವ್ವನ ಸೊಂಟಕ್ಕೆ ತಾನೇ ಕಟ್ಟಿದಳು. ಕರಿ ಹರಳನ್ನು ಹುಡುಕಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. "ಈ ದೇವರನ್ನ ನಾ ನೋಡ್ಕೋತೇನಿ. ನೀ ಬರೇ ನನ್ನ ಹೊಡತ ಎಣಸು. ನೀ ಎಣಸಲಿಲ್ಲಂದ್ರ ನಾ ಆಡೂದಿಲ್ಲ ನೋಡು."

ಹೊಳೆವ್ವ ಆ ನಾಲ್ಕು ತಾಸು ನೀರು ಕುಡಿಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕೊನೆಯ ಕುಳಿಗೆ ಚೆಂಡು ಬಿತ್ತು. ಮೇಜಿನ ಮೇಲೆ ಚೀಟಿ, ಚೀಟಿಯಲ್ಲಿ ಎಪ್ಪತ್ತೇಳು. ಕಸ್ತೂರಿ ಪೆನ್ನು ಹಿಡಿದವಳು ಸಹಿ ಮಾಡದೆ ಹಗ್ಗದ ಕಡೆ ನೋಡಿದಳು. ಮುಮತಾಜಳೂ ನೋಡಿದಳು, ಕಪ್ಪು ಕನ್ನಡಕದ ತಾಯಂದಿರೂ ನೋಡಿದರು. ಹೊಳೆವ್ವ ಸೆರಗು ಹಾಸಿ, ಅವರಿಗೆಲ್ಲ ಬೆನ್ನು ಕೊಟ್ಟು ಕೂತು, ಮೂರು ಸಲ ಎಣಿಸಿದಳು. ಎದ್ದು ನಿಂತು, ಹುಟ್ಟಿದಾರಭ್ಯ ಲೆಕ್ಕವನ್ನು ಗಟ್ಟಿಯಾಗಿ ಹೇಳದವಳು, ಮೈದಾನವೆಲ್ಲ ಕೇಳುವಂತೆ ಕೂಗಿದಳು.

"ಎಪ್ಪತ್ತೇಳ!"

ಕಸ್ತೂರಿ ಸಹಿ ಮಾಡಿದಳು.

ಜೂನ್ ಕಳೆದು ಅವಳು ಹಾಸ್ಟೆಲ್ಲಿಗೆ ಹೋದಳು. ಅಂದು ಸಂಜೆ ದೊಡ್ಡಿಯ ಬಾಗಿಲಲ್ಲಿ ಹೊಳೆವ್ವ ಕರಿ ಹರಳಿಗಾಗಿ ಕೈಹಾಕಿದರೆ ಅದು ಇರಲಿಲ್ಲ. ಹೊರಡುವಾಗ ಮಗಳು ಅದನ್ನು ಮತ್ತೆ ತನ್ನ ಜೇಬಿಗೆ ಹಾಕಿಕೊಂಡಿದ್ದಳು. ಕುರಿಗಳು ಹಿಂದಿನಿಂದ ನೂಕುತ್ತಿದ್ದವು. ಆಕೆ ಒಂದು ಸಾದಾ ಬಿಳಿ ಹರಳನ್ನು ಆರಿಸಿ ಮೊದಲು ಬಲಚೀಲಕ್ಕೆ ಹಾಕಿದಳು.

"ಅದ್ಯಾರದು?" ಎಂದ ಸಿದ್ದರಾಯ.

"ಕಸ್ತೂರಿದು" ಎಂದಳು ಹೊಳೆವ್ವ. "ಲೆಕ್ಕಕ್ಕ ಹಿಡಿಬ್ಯಾಡ."