ತಿನ್ನದವಳು ಬೇಯಿಸಿದ ಮೊಟ್ಟೆ

ಗುಡೇಕೋಟೆಯಿಂದ ಕೂಡ್ಲಿಗಿ ಕಡೆಗೆ ಬರುವಾಗ ಬಲಕ್ಕೆ ಒಂದು ಮಣ್ಣಿನ ದಾರಿ ಒಡೆಯುತ್ತದೆ. ಜಾಲಿ ಗಿಡ, ಬಂಡೆಗಳ ನಡುವೆ ಹಾದು ಅದು ಕರಿಗುಡ್ಡದಹಟ್ಟಿಗೆ ಮುಟ್ಟುತ್ತದೆ. ಅಲ್ಲಿನ ಸರಕಾರಿ ಶಾಲೆಯಲ್ಲಿ ದ್ಯಾಮಕ್ಕ ಹದಿನಾಲ್ಕು ವರ್ಷದಿಂದ ಬಿಸಿಯೂಟದ ಅಡುಗೆಯವಳು. ಯಾವ ಮಗುವಿಗೆ ಬದನೆಕಾಯಿ ಸೇರದು, ಯಾರು ಬೆಳಿಗ್ಗೆ ಏನೂ ಉಣ್ಣದೆ ಬಂದಿದ್ದಾರೆ ಎಂಬುದೆಲ್ಲ ಅವಳಿಗೆ ಮುಖ ನೋಡಿದರೆ ತಿಳಿಯುತ್ತದೆ.

ಹಟ್ಟಿಯವರು ಕುರಿ ಸಾಕುವವರು, ಕುರಿ ತಿನ್ನುವವರು. ಆದರೆ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆಯನ್ನು ಮುಟ್ಟುವುದೂ ಇಲ್ಲ. ಯಾಕೆ ಎಂದರೆ ಒಬ್ಬೊಬ್ಬ ಹಿರಿಯರು ಒಂದೊಂದು ಕಥೆ ಹೇಳುತ್ತಾರೆ. ಆ ಹಟ್ಟಿಯಲ್ಲಿ ಬೆಳಗಿನ ಕೋಳಿ ಕೂಗು ಕೇಳಿದವರಿಲ್ಲ. ದ್ಯಾಮಕ್ಕನ ತವರಿನಲ್ಲೂ ಇದೇ ಪದ್ಧತಿ. ಅದು ಅವಳಿಗೆ ಎಂದೂ ಭಾರ ಅನ್ನಿಸಿರಲಿಲ್ಲ.

ಶಾಲೆಗೆ ಹಟ್ಟಿಯ ಮಕ್ಕಳಲ್ಲದೆ ಆಚೆ ಕಾಲೊನಿಯಿಂದ, ತಾಂಡಾದಿಂದಲೂ ಮೂವತ್ತೈದು ಮಕ್ಕಳು ಬರುತ್ತಾರೆ. ಊಟದ ಜೊತೆ ಮೊಟ್ಟೆ ಕೊಡಬೇಕೆಂದು ಸರಕಾರ ಹೇಳಿದಾಗ ಹೆಡ್‌ಮಾಸ್ತರ ವೆಂಕಟೇಶ ಮನೆಮನೆಗೆ ಚೀಟಿ ಕಳಿಸಿದರು. ಮೊಟ್ಟೆ ಬೇಕೋ ಬಾಳೆಹಣ್ಣು ಬೇಕೋ, ತಂದೆ ಅಥವಾ ತಾಯಿ ಬರೆದು ಸಹಿ ಮಾಡಬೇಕು. ಹಟ್ಟಿಯ ಅರವತ್ತೊಂದು ಮಕ್ಕಳಿಗೂ ಬಾಳೆಹಣ್ಣು ಅಂತ ಬಂತು. ಅಡುಗೆಮನೆಯಲ್ಲಿ ದ್ಯಾಮಕ್ಕನ ಜೊತೆಗಿದ್ದ ಕರಿಯಕ್ಕ ಕಾಲೊನಿಯವಳು. ಮೊಟ್ಟೆಯ ಕೆಲಸ ಅವಳೇ ವಹಿಸಿಕೊಂಡಳು. ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಅನ್ನ ಸಾಂಬಾರು ದ್ಯಾಮಕ್ಕನದು. ಎರಡು ವರ್ಷ ಯಾರೂ ತಕರಾರು ತೆಗೆಯಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಕರಿಯಕ್ಕ ನೀರು ತರುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಅವಳ ಜಾಗಕ್ಕೆ ಬೇರೆಯವರು ಸಿಗಲಿಲ್ಲ. ವೆಂಕಟೇಶ ದ್ಯಾಮಕ್ಕನನ್ನು ಒತ್ತಾಯಿಸಲಿಲ್ಲ.

"ನಿಮ್ಗ ಮನಸಿಲ್ಲಂದ್ರ ಬ್ಯಾಡ್ರಿ ದ್ಯಾಮಕ್ಕ. ನಾನೇ ಬೇಯಿಸ್ತೀನಿ," ಎಂದರು.

ಮೊದಲ ದಿನ ಮೊಟ್ಟೆಗಳನ್ನು ಕುದಿಯುವ ನೀರಿಗೆ ಒಮ್ಮೆಲೇ ಸುರಿದರು, ಅರ್ಧಕ್ಕರ್ಧ ಒಡೆದವು. ಎರಡನೇ ದಿನ ಬೇಯುವುದರೊಳಗೆ ಇಳಿಸಿದರು. ಸಿಪ್ಪೆ ತೆಗೆದ ಮಕ್ಕಳ ಅಂಗಿ ಮೇಲೆಲ್ಲ ಹಳದಿ. ಮೂರನೇ ದಿನ ಪಾಠ ಮಾಡುತ್ತ ಮರೆತೇಬಿಟ್ಟರು. ನೀರೆಲ್ಲ ಇಂಗಿ ಪಾತ್ರೆ ಹೊತ್ತಿತು. ಕಾಲೊನಿ, ತಾಂಡಾದ ಮಕ್ಕಳು ಮೊಟ್ಟೆಯಿಲ್ಲದೆ ಉಂಡು ಎದ್ದರು. ನಾಲ್ಕನೇ ದಿನ ದ್ಯಾಮಕ್ಕ ಸೆರಗು ಸಿಕ್ಕಿಸಿಕೊಂಡು, "ಸರಿರಿ ಸರ, ನೀವು ಪಾಠ ಮಾಡಾಕ ಹೋಗ್ರಿ," ಎಂದು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಮೊದಲ ಮೊಟ್ಟೆ ಕೈಗೆ ತಣ್ಣಗೆ ಹತ್ತಿತು. ಒಂದೊಂದನ್ನೇ ನೀರಿಗೆ ಇಳಿಸಿದಳು. ಒಂದೂ ಒಡೆಯಲಿಲ್ಲ.

ಸುದ್ದಿ ಹಟ್ಟಿಗೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಸಂಜೆ ಪೂಜಾರಿ ಕರಿಸಿದ್ದಪ್ಪ ಅವಳ ಗಂಡ ಎರ್ರೆಪ್ಪನನ್ನು ದೊಡ್ಡಿಯ ಹತ್ತಿರ ತಡೆದು ನಿಲ್ಲಿಸಿ, "ಹೆಂಡ್ತಿಗೆ ಬುದ್ಧಿ ಹೇಳಪಾ," ಎಂದ. ಎರ್ರೆಪ್ಪ ಮಾತು ಕಡಿಮೆಯ ಮನುಷ್ಯ. "ಕುರಿ ನಂದು, ಕೆಲ್ಸ ಅಕಿದು. ಅಕಿನ್ನೇ ಕೇಳ್ರಿ," ಎಂದು ಹಿಂಡು ಹೊಡೆದುಕೊಂಡು ಹೋದ.

ಮಾರನೆಯ ದಿನದಿಂದ ದ್ಯಾಮಕ್ಕನನ್ನು ಯಾರೂ ಮಾತಾಡಿಸಲಿಲ್ಲ. ಬೈಗುಳವಿಲ್ಲ, ಜಗಳವಿಲ್ಲ. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಪಕ್ಕದ ಮನೆಯ ಶಿವಮ್ಮ, ದಿನಕ್ಕೆ ನಾಲ್ಕು ಸಲ ಬರುತ್ತಿದ್ದವಳು, ಬಾಗಿಲು ಮುಂದೆ ಮಾಡಿಕೊಂಡಳು. ಎದುರು ಮನೆಯ ಕೂಸಿಗೆ ಹೆಸರಿಟ್ಟರು. ಇವಳಿಗೆ ಕರೆ ಬರಲಿಲ್ಲ. ಒಳಗಿನಿಂದ ತೊಟ್ಟಿಲ ಹಾಡು ಕೇಳುತ್ತ ಅವಳು ತನ್ನ ಅಂಗಳದಲ್ಲಿ ಜೋಳ ಹಸನು ಮಾಡಿದಳು.

ವೆಂಕಟೇಶರಿಗೆ ಇದು ಗೊತ್ತಾಗಿ ಸಿಟ್ಟು ಬಂತು. "ಹಿಂಗ ಬಹಿಷ್ಕಾರ ಹಾಕಾಕ ಬರಂಗಿಲ್ಲರಿ. ಕೂಡ್ಲಿಗಿಗೆ ಹೋಗಿ ಕಂಪ್ಲೇಂಟ್ ಕೊಡೋಣ."

"ಬ್ಯಾಡ್ರಿ ಸರ. ಪೊಲೀಸರು ಬಂದ್ರ ಬಾಯಿ ಮುಚ್ಚಿಸ್ತಾರ, ಮನಸು ತಿರುಗಿಸ್ತಾರೇನು? ನಾನು ಅವರ ನಡುವೆನ ಬಾಳಬೇಕು."

"ಮತ್ತ ಕೆಲ್ಸ ಬಿಡ್ತೀರೇನು?"

"ಅದೂ ಇಲ್ಲ."

ಎಷ್ಟು ದಿನ ತಾಳಿಯಾಳು ಎಂದು ವೆಂಕಟೇಶರೂ ಕಾದರು, ಹಟ್ಟಿಯೂ ಕಾಯಿತು. ಒಂಬತ್ತನೇ ದಿನ ಭಾನುವಾರ. ಬೆಳಿಗ್ಗೆ ಬೇವಿನ ಕಟ್ಟೆಗೆ ಹಿರಿಯರು ಸೇರಿ ಅವಳಿಗೆ ಹೇಳಿ ಕಳಿಸಿದರು. ದ್ಯಾಮಕ್ಕ ಒಬ್ಬಳೇ ಹೋಗಿ ನಿಂತಳು. ಕಟ್ಟೆಯ ನಡುವೆ ಹಟ್ಟಿಯ ಯಜಮಾನ ಬಂಗಾರಪ್ಪ ಕೂತಿದ್ದ. ಸಂಬಂಧದಲ್ಲಿ ಅವನು ಅವಳಿಗೆ ಮಾವ.

"ದ್ಯಾಮವ್ವ, ನಿನಗ ಪದ್ಧತಿ ಗೊತ್ತಿಲ್ಲೇನು? ಯಾಕ ಹಿಂಗ ಮಾಡ್ದಿ?"

"ನಾನು ತಿಂದಿಲ್ಲ ಮಾವ, ತಿನ್ನಂಗೂ ಇಲ್ಲ. ನಮ್ಮ ಮಕ್ಳಿಗೂ ಕೊಟ್ಟಿಲ್ಲ. ತಿನ್ನೋ ಮಕ್ಳಿಗೆ ಬೇಯ್ಸಿಕೊಟ್ಟೀನಿ, ಅಷ್ಟ."

ಪಕ್ಕದಲ್ಲಿದ್ದ ಕರಿಸಿದ್ದಪ್ಪ ದನಿ ಎತ್ತಿದ. "ಮುಟ್ಟಿದ್ಮ್ಯಾಲ ಇನ್ನೇನು ಉಳೀತು? ಈ ಸಾಲ್ಯಾಗ ತತ್ತಿನೇ ಬರಬಾರ್ದು. ಜಾಗ ನಮ್ಮ ಹಟ್ಟಿದು, ಹೆಚ್ಚು ಮಕ್ಳು ನಮ್ಮವು. ನಾವು ಬ್ಯಾಡಂದ್ರ ಬ್ಯಾಡ."

ಹಲವರು ತಲೆಯಾಡಿಸಿದರು. ಇಷ್ಟು ಗಂಡಸರ ಮುಂದೆ ದ್ಯಾಮಕ್ಕ ಹಿಂದೆಂದೂ ಮಾತಾಡಿದವಳಲ್ಲ.

"ಹೆಚ್ಚು ಅದೀವಂತ ಮಂದಿ ತಾಟಿನಾಗ ಏನಿರಬೇಕು ಅನ್ನಾದೂ ನಾವ ಹೇಳಬೇಕೇನ್ರಿ? ಹಂಗಾದ್ರ ನಾವು ಕಡಿಮಿ ಇರೋ ಕಡಿ ನಮ್ಮ ಮಕ್ಳ ಗತಿ ಏನು?" ಅವಳು ಬಂಗಾರಪ್ಪನ ಕಡೆ ತಿರುಗಿದಳು. "ಮಾವ, ನಿಮ್ಮ ಮೊಮ್ಮಗಳು ಯಶೋಧಾ ಕೊಟ್ಟೂರಾಗ ಹಾಸ್ಟೆಲಿನಾಗ ಅದಾಳ. ಅಲ್ಲಿ ನಮ್ಮ ಮಂದಿ ಮಕ್ಳು ಎಷ್ಟು? ಅಲ್ಲಿ ಹೆಚ್ಚಿದ್ದೋರು ಎಲ್ಲಾರೂ ತಿನ್ನಬೇಕು ಅಂದ್ರ ಆ ಕೂಸು ಏನು ಮಾಡಬೇಕು?"

ಬಂಗಾರಪ್ಪ ಜೇಬಿನಿಂದ ಫೋನು ತೆಗೆದ. ಹಾಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಹಾಸ್ಟೆಲಿನ ವಾರ್ಡನ್‌ಗೆ ಹಚ್ಚಿ ಮೊಮ್ಮಗಳನ್ನು ಕರೆಸಿದ. ಕಿವಿ ಮಂದವಾದ್ದರಿಂದ ಅವನ ಫೋನಿನ ಮಾತು ಎಲ್ಲರಿಗೂ ಕೇಳುವಷ್ಟು ಜೋರು.

"ಯಶೋಧಾ, ತತ್ತಿ ಕೊಡೋ ದಿನ ನೀನು ಏನು ತಿಂತಿಯವ್ವ?"

"ಬಾಳೆಹಣ್ಣು ತಾತ. ಯಾಕ?"

"ಅಲ್ಲಿ ನಮ್ಮೋರು ಎಷ್ಟು ಮಂದಿ ಅದೀರಿ?"

"ನಾವು ಇಬ್ರ. ಉಳದೋರು ಎಲ್ಲಾ ತಿಂತಾರ."

"ಮತ್ತ ನಿಮಗ ಹಣ್ಣು ಯಾರು ಇಡ್ತಾರ?"

"ಅಡುಗಿ ಮಾಡೋ ಅಮ್ಮ. ಅಕಿ ತಿಂತಾಳ, ಆದ್ರ ನಮಗ ಅಂತ ಸಾರಿನ ಸೌಟು ಬ್ಯಾರೆ ಇಟ್ಟಾಳ. ಯಾರಾದ್ರೂ ನಗ್ಯಾಡಿದ್ರ ಅವರನ್ನ ಬೈತಾಳ."

ಬಂಗಾರಪ್ಪ ಫೋನನ್ನು ಜೇಬಿಗಿಟ್ಟ. ಸುತ್ತ ಕೂತವರ ಕಡೆ ತಿರುಗಿದ.

"ಅಲ್ಲಿ ನಮ್ಗ ಗೊತ್ತಿಲ್ಲದಾಕಿ ಒಬ್ಬಾಕಿ ನಮ್ಮ ಹುಡುಗಿ ಪದ್ಧತಿ ಕಾಯಾಕತ್ಯಾಳ. ಇಲ್ಲಿ ಈಕಿ ಅವರ ಮಕ್ಳ ಹೊಟ್ಟಿ ನೋಡಾಕತ್ಯಾಳ. ಇದ್ರಾಗ ತಪ್ಪು ಎಲ್ಲೈತಿ, ಗೊತ್ತಿದ್ದೋರು ಹೇಳ್ರಿ."

ಕರಿಸಿದ್ದಪ್ಪ ಬಿಡಲಿಲ್ಲ. ಮೊಟ್ಟೆ ಮುಟ್ಟಿದ ದಿನ ಅವಳು ಹಟ್ಟಿಯ ಹೊರಗೇ ಜಳಕ ಮಾಡಿ ಬರಬೇಕು, ಮಾಡಿದ್ದನ್ನು ಒಬ್ಬರು ನೋಡಬೇಕು ಎಂದ.

"ಜಳಕ ದಿನಾ ಮಾಡ್ತೀನಿ, ಹೊಗಿ ಮೈಗೆಲ್ಲ ಹತ್ತಿರ್ತೈತಿ," ಎಂದಳು ದ್ಯಾಮಕ್ಕ. "ಆದ್ರ ನನ್ನ ಮನಿ ಬಚ್ಚಲದಾಗ ಮಾಡ್ತೀನಿ. ಮಾಡ್ಯಾಳೋ ಇಲ್ಲೋ ಅಂತ ಕೇಳಾಕ ಯಾರೂ ನನ್ನ ಬಾಗಿಲಿಗೆ ಬರಬಾರ್ದು."

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಬಂಗಾರಪ್ಪನೂ ಮೀಸೆಯಡಿ ನಕ್ಕು, "ಆತು, ಹೋಗವ್ವ. ಎಲ್ಲಾರೂ ಅಕಿನ್ನ ಮೊದಲಿನಂಗ ಮಾತಾಡಿಸ್ರಿ," ಎಂದು ಎದ್ದ. ಕರಿಸಿದ್ದಪ್ಪ ಟವೆಲು ಕೊಡವಿಕೊಂಡು ಹೋದ. ಅವನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವಳು ಎದುರು ಬಂದರೆ ಆಕಾಶ ನೋಡುತ್ತಾನೆ.

ಮನೆಗೆ ಬಂದ ದ್ಯಾಮಕ್ಕ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಒಂಬತ್ತು ದಿನ ಎದೆಯ ಮೇಲೆ ಕಲ್ಲು ಇಟ್ಟಂತಿದ್ದುದು ಇಳಿದು, ತುಂಬ ಹಸಿವಾಯಿತು. ಎರ್ರೆಪ್ಪ ಏನನ್ನೂ ಕೇಳದೆ ರೊಟ್ಟಿ ಬುಟ್ಟಿಯನ್ನು ಅವಳ ಮುಂದೆ ತಂದಿಟ್ಟ. ಮೂರನೇ ರೊಟ್ಟಿ ಮುರಿಯುವಾಗ ಬಾಗಿಲಲ್ಲಿ ಶಿವಮ್ಮ ಬಟ್ಟಲು ಹಿಡಿದು ನಿಂತಿದ್ದಳು.

"ಅಕ್ಕಾ, ಹಾಲಿಗೆ ಹಾಕಾಕ ಹೆಪ್ಪು ಐತೇನು?"

ಒಂಬತ್ತು ದಿನ ಅವಳ ಮನೆಯಲ್ಲಿ ಮೊಸರು ಹೇಗಾಯಿತೋ ದ್ಯಾಮಕ್ಕ ಕೇಳಲಿಲ್ಲ. ಬಟ್ಟಲು ತುಂಬಿಸಿ ಕೊಟ್ಟಳು. ಶಿವಮ್ಮ ಹೋಗದೆ ಅಲ್ಲೇ ಕೂತು ಹೆಸರಿಟ್ಟ ಮನೆಯ ಸುದ್ದಿಯೆಲ್ಲ ಹೇಳಿದಳು.

ಕೈ ಕೂಡಿದ ಮೇಲೆ ಕರಿಯಕ್ಕ ಕೆಲಸಕ್ಕೆ ಮರಳಿದಳು. ಅವತ್ತೇ ದ್ಯಾಮಕ್ಕ ಮೊಟ್ಟೆಯ ಪಾತ್ರೆಯನ್ನು ಅವಳ ಕಡೆ ತಳ್ಳಿ, "ಬಂದ್ಯಲ್ಲ, ಸಾಕಾಗಿತ್ತು ನಂಗ. ಆ ವಾಸ್ನಿ ಒಂದಿನಾನೂ ಸೇರ್ಲಿಲ್ಲ," ಎಂದಳು. ಬೇಯಿಸಬಾರದು ಎಂಬ ಮಾತನ್ನು ಅವಳು ಒಪ್ಪಿರಲಿಲ್ಲ. ಬೇಯಿಸುತ್ತಲೇ ಇರಬೇಕು ಎಂಬ ಹಟವೂ ಅವಳಿಗಿರಲಿಲ್ಲ.

ಈ ಜೂನ್‌ನಲ್ಲಿ ಹೊಸ ಚೀಟಿಗಳು ಬಂದವು. ಮೊದಲ ವಾರ ಊಟ ಬಡಿಸುವಾಗ, ಮೊಟ್ಟೆ ತಿನ್ನುವವರ ಸಾಲಿನಲ್ಲಿ ಹಟ್ಟಿಯ ಭೂಮಿಕಾ ಕೂತಿರುವುದನ್ನು ದ್ಯಾಮಕ್ಕ ಕಂಡಳು. ನಾಲ್ಕನೇ ತರಗತಿಯ ಸಣಕಲು ಹುಡುಗಿ. ಪರರ ಮಕ್ಕಳು ತಿನ್ನುವುದು ಬೇರೆ, ನಮ್ಮದೇ ಮಗು ತಿನ್ನುವುದು ಬೇರೆ ಎಂದು ದ್ಯಾಮಕ್ಕನಿಗೂ ಅನ್ನಿಸಿತು. ವೆಂಕಟೇಶರ ಹತ್ತಿರ ಹೋಗಿ ಚೀಟಿ ತೋರಿಸಲು ಕೇಳಿದಳು. ಮೊಟ್ಟೆ ಎಂದು ಬರೆದಿತ್ತು, ಕೆಳಗೆ ತಾಯಿ ಗಾಳೆಮ್ಮನ ಸಹಿ. ವಾಪಸು ಬಂದು, ಕರಿಯಕ್ಕನ ಕೈಯಿಂದ ಒಂದು ಮೊಟ್ಟೆ ತೆಗೆದುಕೊಂಡು ತಾನೇ ಆ ತಾಟಿಗೆ ಇಟ್ಟಳು.

ಸಂಜೆ ಗಾಳೆಮ್ಮ ದಾರಿಯಲ್ಲಿ ಕಾದಿದ್ದಳು. ಮುಖ ಬಿಳಚಿತ್ತು.

"ಅಕ್ಕಾ, ಡಾಕ್ಟ್ರು ಹೇಳ್ಯಾರ, ಹುಡುಗಿ ಮೈಯಾಗ ರಕ್ತ ಇಲ್ಲ ಅಂತ. ನೀನು ಕಟ್ಟಿಮ್ಯಾಲ ಹಿರೇರಿಗೆ ಹೇಳಿ..."

"ನಾನ್ಯಾಕ ಹೇಳ್ಲಿ? ನಿನ್ನ ಮಗಳು, ನಿನ್ನ ಸಹಿ."

ಗಾಳೆಮ್ಮ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಇಬ್ಬರೂ ಕೂಡಿಯೇ ಹಟ್ಟಿಯ ಕಡೆ ನಡೆದರು. ಭೂಮಿಕಾ ಮೊದಲ ದಿನ ಬಿಳಿ ಭಾಗ ಅಷ್ಟೇ ತಿಂದು ಹಳದಿ ಬಿಟ್ಟಿದ್ದಳು. ಮುಂದಿನ ವಾರ ಅದನ್ನೂ ತಿಂದಳು.