ಹಡಗಿನಲ್ಲಿ ತೆಗೆಸಿದ ಜುಟ್ಟು

ಮೊಮ್ಮಗಳು ಈಗ ನನ್ನ ಮಂಡೆಯ ಕೂದಲು ಹಿಡಿದು ಜಗ್ಗುತ್ತಾಳೆ. ಆಗ ನನಗೆ ಆಗುವ ಸಂತೋಷ ಬರೆಯುವಷ್ಟು ಶಾಲೆ ನಾನು ಕಲಿತಿಲ್ಲ. ಐದನೇ ಕ್ಲಾಸಿಗೇ ಹೋಟೆಲಿನ ರುಬ್ಬುವ ಕಲ್ಲಿಗೆ ಬಂದವನು. ಆದರೂ ಅವಳನ್ನು ಮೊದಲು ನೋಡಿದ ದಿನದ್ದು ಬರೆದಿಡಬೇಕು. ಈಗ ಮಗಳಿಗೂ ಎಲ್ಲ ಗೊತ್ತು, ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ.

ನನ್ನ ಹೆಂಡತಿ ತೀರಿಕೊಂಡದ್ದು ಸೂರತ್ತಿನಲ್ಲಿ, ಅಡಾಜಣ್‌ನ ನಮ್ಮ ಮನೆಯಲ್ಲಿ. ಬೆಳಿಗ್ಗೆ ನನಗೆ ಕಾಫಿ ಕೊಟ್ಟು ಕೂತವಳು ಏಳಲಿಲ್ಲ. ಒಬ್ಬಳೇ ಮಗಳು ಆಗ ತುಂಬಿದ ಬಸುರಿ. ಸಮುದ್ರದ ಆಚೆ ಭಾವನಗರದಲ್ಲಿ, ಬಿಪಿ ಏರಿ ಆಸ್ಪತ್ರೆಯ ಮಂಚ ಹಿಡಿದಿದ್ದಳು. "ಈಗ ಹೇಳುವುದು ಬೇಡ ಮಾವ, ಡಾಕ್ಟರು ಹೆದರಿಸಿದ್ದಾರೆ" ಎಂದ ಅಳಿಯ. ಅಮ್ಮನ ಗಂಟಲು ಕಟ್ಟಿದೆ, ಫೋನಿನಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆವು. ಗಂಡುಮಕ್ಕಳಿಲ್ಲ, ಕ್ರಿಯೆಗೆ ನಾನೇ ಕೂತೆ. ಮೀಸೆ ಹೋಯಿತು, ತಲೆ ಬೋಳಾಯಿತು, ಹಿಂದೆ ಒಂದು ಜುಟ್ಟು ಮಾತ್ರ ಉಳಿಯಿತು.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನವೇ ಅಳಿಯನ ಫೋನು ಬಂತು. ಹೆಣ್ಣುಮಗು, ಇಬ್ಬರೂ ಕ್ಷೇಮ. ಉಧ್ನಾದ ನಮ್ಮ ಹೋಟೆಲಿಗೆ ಬಂದವರಿಗೆಲ್ಲ ಶೀರಾ ಹಂಚಿಸಿದೆ. ಆಮೇಲೆ ಒಳಗೆ ಹೋಗಿ ಅಕ್ಕಿ ಮೂಟೆಗೆ ಒರಗಿ ಅತ್ತೆ.

ಹಜೀರಾದಲ್ಲಿ ಲಾರಿಗಳನ್ನೂ ಜನರನ್ನೂ ಹೊತ್ತು ಆಚೆ ದಡಕ್ಕೆ ಹೋಗುವ ಹಡಗು ಹತ್ತಿದೆ. ಬೋಳುತಲೆ ನೋಡಿ ಮಗಳು ಕೇಳಿದರೆ, ನಿನ್ನ ಹೆರಿಗೆ ಸುಸೂತ್ರ ಆಗಲೆಂದು ತಿಮ್ಮಪ್ಪನಿಗೆ ಮುಡಿ ಕೊಟ್ಟೆ ಅನ್ನುವುದು ಎಂದು ಎಣಿಸಿದ್ದೆ. ಗಂಟಲಿನ ಸೋಂಕು ಮಗುವಿಗೆ ತಾಗಬಾರದೆಂದು ಅಮ್ಮ ಬರುವುದಿಲ್ಲ ಅಂತ ಅಳಿಯ ಮೊದಲೇ ಹೇಳಿಟ್ಟಿದ್ದ. ಹಡಗಿನಲ್ಲಿ ಮುಖ ತೊಳೆದು ಒದ್ದೆ ಕೈ ತಲೆಗೆ ಸವರುವಾಗ ಜುಟ್ಟು ಸಿಕ್ಕಿತು. ಹರಕೆಯ ಮುಡಿ ಎಂದರೆ ನಮ್ಮಲ್ಲಿ ಪೂರ್ತಿ ಬೋಳು. ಹೀಗೆ ಜುಟ್ಟು ಬಿಡುವುದು ಸಾವಾದ ಮನೆಯವರು. ನನ್ನ ಅಪ್ಪ ಸತ್ತಾಗ ನನ್ನ ಇದೇ ತಲೆಯನ್ನು ಮಗಳು ನೋಡಿದ್ದಾಳೆ.

ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರು ಗಡ್ಡ ಹೆರೆದುಕೊಳ್ಳುತ್ತಿದ್ದ. ನನ್ನ ಹೋಟೆಲ್ ಹಿಂದಿಯಲ್ಲಿ ಕೇಳಿದೆ, "ಭಾಯಿ, ಇದನ್ನೊಂದು ತೆಗೆದುಬಿಡಿ."

ಅವನು ಜುಟ್ಟು ನೋಡಿದ, ನನ್ನ ಮುಖ ನೋಡಿದ. ಅವರಲ್ಲೂ ಸಾವಾದರೆ ಹೀಗೇ ಜುಟ್ಟು ಬಿಡುತ್ತಾರೆ.

"ಯಾರು ಹೋದದ್ದು ಕಾಕಾ?"

"ಹೆಂಡತಿ."

"ಮತ್ತೆ ಇದನ್ನು ಯಾಕೆ ತೆಗೆಸುತ್ತೀರಿ?"

ಹೇಳಿದೆ. ಅವನು ಕತ್ತಿ ತೊಳೆದು ಹೊಸ ಬ್ಲೇಡು ಹಾಕಿದ. "ಬಗ್ಗಿ, ಅಲ್ಲಾಡಬೇಡಿ. ಹಡಗು ಕುಲುಕುತ್ತದೆ. ಕಿವಿ ಹೋದರೆ ಮೊಮ್ಮಗಳಿಗೆ ಮುಕ್ಕಾಲು ಅಜ್ಜ ಸಿಗುತ್ತಾನೆ."

ನಗು ಬಂತು, ಅದರ ಬೆನ್ನಿಗೇ ಅಳು. ಕೂದಲನ್ನು ಅವನು ನನ್ನ ಅಂಗೈಯಲ್ಲಿಟ್ಟ. ಹೆಂಡತಿಗಾಗಿ ನನ್ನ ಮೈಮೇಲಿದ್ದ ಗುರುತು ಅದೊಂದೇ. ಹೊರಗೆ ಹೋಗಿ ನೀರಿಗೆ ಬಿಟ್ಟೆ. ಗಾಳಿ ಅರ್ಧವನ್ನು ತಂದು ಅಂಗಿಗೆ ಅಂಟಿಸಿತು.

ಆಸ್ಪತ್ರೆಯಲ್ಲಿ ಮಗಳು ನನ್ನನ್ನು ನೋಡಿ ನಕ್ಕಳು. "ಎಂತಪ್ಪ ಇದು, ಮೀಸೆಯೂ ಇಲ್ಲ?"

"ಹರಕೆ."

"ನೀವಾ? ದೇವರಿಗೆ ಕೈ ಮುಗಿಯುವಾಗಲೂ ಮೀಸೆ ತೀಡುವವರು. ಅಮ್ಮ ಎಂತ ಹೇಳಿದ್ರು?"

"ಬೂದುಗುಂಬಳ ಅಂದಳು."

ಮಗಳು ಹೊಟ್ಟೆ ಹಿಡಿದು ನಕ್ಕಳು. ನಂಬಿದಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ಹೆಂಡತಿಯದೇ ಗಲ್ಲ, ಅದೇ ಕುಳಿ. ಅಯ್ಯೋ, ಅಂಥ ಸಂತೋಷ ನನ್ನ ಮೈಯಲ್ಲಿ ಹಿಡಿಸಲಿಲ್ಲ. ಅದನ್ನು ಹೇಳಿಕೊಳ್ಳುವ ಅಂತ ಪಕ್ಕಕ್ಕೆ ತಿರುಗಿದೆ, ಅಭ್ಯಾಸಬಲ.

"ಹೆಣ್ಣು ಅಂತ ಕೇಳಿ ಅಮ್ಮ ಎಂತ ಹೇಳಿದ್ರು?"

ನನ್ನವಳ ಬಾಯಿಯ ಮಾತು ನಾನು ಎಷ್ಟು ವರ್ಷ ಕೇಳಿದವನು. "ತಲೆ ಒದ್ದೆ ಮಾಡಿಕೊಂಡು ಫ್ಯಾನಿನ ಕೆಳಗೆ ಕೂರಬಾರದಂತೆ," ಎಂದೆ. "ಮಗು ಅತ್ತರೆ ಕೂಡಲೇ ಎತ್ತಿಕೊಳ್ಳಬೇಕಂತೆ, ರೂಢಿಯಾಗುತ್ತದೆ ಅನ್ನುವವರ ಮಾತು ಕೇಳಬಾರದಂತೆ. ಎಣ್ಣೆ ಹಚ್ಚಿ ಮೂಗು ತೀಡಬೇಕಂತೆ, ಮೂಗು ನನ್ನ ಹಾಗೆ ಆದರೆ ಕಷ್ಟವಂತೆ."

ಮಗಳು ಕಣ್ಣು ಮುಚ್ಚಿ ಹ್ಞೂಂ, ಹ್ಞೂಂ ಅನ್ನುತ್ತಿದ್ದಳು. ಅಳಿಯ ಎದ್ದು ಬಾಗಿಲಾಚೆ ಹೋಗಿ ನಿಂತ. ನನಗೆ ನಿಲ್ಲಿಸಲಿಕ್ಕೆ ಆಗಲಿಲ್ಲ. ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಬೇಕಂತೆ, ಎಂದೆ. ಮೆಂತೆ ಗಂಜಿ ಬಿಡಬಾರದಂತೆ, ಎಂದೆ.